ಬೀಸುವ ಕೈ, ನೆನೆಯುವ ಮನಸ್ಸು

ಎರಡು ದೋಣಿಗಳ ಮೇಲೆ ಕಾಲಿಡಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಪಾಠ ಹೇಳುವ ನಾವೂ ಅದನ್ನೇ ಬೇರೆ ಮಾತುಗಳಲ್ಲಿ ಹೇಳುತ್ತೇವೆ: ಮನಸ್ಸಿಟ್ಟು ಕೇಳು, ಕೈಯಲ್ಲಿದ್ದುದನ್ನು ಕೆಳಗಿಡು, ಚಿತ್ತ ಚದರಿದರೆ ಕಲಿತದ್ದು ನಿಲ್ಲುವದಿಲ್ಲ. ಬಸವನ ಬಾಗೇವಾಡಿಯ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು ಹದಿನೆಂಟು ವರ್ಷಗಳಿಂದ ಈ ಉಪದೇಶವನ್ನು ಮಾಡುತ್ತಲೇ ಇದ್ದೇನೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲವೆಂಬ ಸಂಶಯ ನನ್ನಲ್ಲಿ ಹುಟ್ಟಿದ್ದು ಮನೋವಿಜ್ಞಾನದ ಗ್ರಂಥಗಳಿಂದಲ್ಲ. ‘ಗರತಿಯ ಹಾಡು’ ಸಂಕಲನವನ್ನು ತರಗತಿಯಲ್ಲಿ ಓದುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯಿಂದ.

“ಸರ್, ಓದು ಬರಹ ಬಾರದ ಈ ಹೆಣ್ಣುಮಕ್ಕಳು ಇಷ್ಟು ಹಾಡು ಹ್ಯಾಂಗ ನೆನಪಿಟ್ಟರ‍್ರಿ? ನಮಗ ಪರೀಕ್ಷಾಕ್ಕ ಎಂಟು ಸಾಲು ನಿಲ್ಲೂದಿಲ್ಲ.”

ಅವರಿಗೆ ಏಕಾಗ್ರತೆ ಇತ್ತು, ನಿಮಗೆ ಇಲ್ಲ ಎಂದು ಉತ್ತರ ಕೊಟ್ಟೆ. ತರಗತಿ ಒಪ್ಪಿತು. ಆದರೆ ಹೇಳಿದ ಮರುಕ್ಷಣವೇ ಆ ಮಾತು ನನಗೆ ಹುಸಿ ಎನಿಸಿತು. ಗರತಿಗೆ ಏಕಾಗ್ರತೆ ಎಲ್ಲಿಂದ ಬರಬೇಕು? ಬೆಳಗು ಹರಿಯುವ ಮೊದಲೇ ಎದ್ದು, ಒಂದು ಕೈಯಿಂದ ಕಲ್ಲು ತಿರುಗಿಸುತ್ತ, ಇನ್ನೊಂದರಿಂದ ಜೋಳದ ಕಾಳು ಹಾಕುತ್ತ, ತೊಡೆಯ ಮೇಲಿನ ಕೂಸನ್ನು ಸಂಬಾಳಿಸುತ್ತ, ಒಳಗಿನಿಂದ ಅತ್ತೆ ಕರೆದರೆ ಓಗೊಡುತ್ತ ಇದ್ದವಳು ಅವಳು. ಚಿತ್ತವನ್ನು ಒಂದೇ ಕಡೆ ನಿಲ್ಲಿಸಿ ಕುಳಿತುಕೊಳ್ಳುವ ಪುಣ್ಯ ಅವಳಿಗೆ ಜೀವಮಾನದಲ್ಲಿ ಒಂದು ದಿನವೂ ಸಿಕ್ಕಿರಲಾರದು. ಆದರೂ ನಮ್ಮ ನಾಡಿನ ಕಾವ್ಯದ ಒಂದು ದೊಡ್ಡ ಭಂಡಾರ ಅವಳ ನೆನಪಿನಲ್ಲಿಯೇ ಉಳಿದು ಬಂದಿತು. ಹಂಚಿಹೋದ ಲಕ್ಷ್ಯವು ನೆನಪಿನ ಶತ್ರುವೆಂಬ ಮಾತು ಪೂರ್ತಿ ನಿಜವಾಗಿದ್ದರೆ ಈ ಭಂಡಾರ ಹುಟ್ಟಲೇ ಬಾರದಾಗಿತ್ತು.

ಈ ಭಂಡಾರದ ಬಾಗಿಲು ತೆರೆದವರು ನಮ್ಮ ಜಿಲ್ಲೆಯವರೇ. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮೊದಲಾದವರು ಗೆಳೆಯರ ಗುಂಪಾಗಿ ಕೂಡಿ ಹಾಡುಗಳನ್ನು ಸಂಗ್ರಹಿಸಿದರು. ೧೯೩೧ರಲ್ಲಿ ‘ಗರತಿಯ ಹಾಡು’, ೧೯೩೩ರಲ್ಲಿ ‘ಜೀವನ ಸಂಗೀತ’, ೧೯೩೫ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಅದೇ ಕಾಲದಲ್ಲಿ ವಿಜಯಪುರದಲ್ಲಿ (ಅಂದಿನ ಬಿಜಾಪುರದಲ್ಲಿ) ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಮನೆಮನೆಯಿಂದ ಕೂಡಿಸಿ ವಚನಗಳನ್ನು ಬೆಳಕಿಗೆ ತರುತ್ತಿದ್ದರು. ಅವರ ‘ವಚನಶಾಸ್ತ್ರಸಾರ’ ೧೯೨೩ರದು, ‘ಶಿವಾನುಭವ’ ಪತ್ರಿಕೆ ೧೯೨೬ರದು. ಒಂದೇ ಜಿಲ್ಲೆಯಲ್ಲಿ, ಒಂದೇ ದಶಕದ ಆಚೀಚೆ, ಎರಡು ಸಂಗ್ರಹಗಳು ನಡೆದವು. ಹಳಕಟ್ಟಿಯವರಿಗೆ ಓಲೆ ಸಿಕ್ಕರೆ ಸಾಕು, ಅದನ್ನು ಬರೆದವನು ತೀರಿಹೋಗಿ ಮುನ್ನೂರು ವರ್ಷಗಳಾಗಿದ್ದರೂ ಚಿಂತೆಯಿಲ್ಲ. ಹಲಸಂಗಿಯ ಗೆಳೆಯರಿಗೆ ಬಾಯಿಯೇ ಓಲೆ, ಮತ್ತು ಆ ಬಾಯಿಗೆ ಹಾಡು ಬರುವ ಹೊತ್ತು ಬೇಕು. ಈ ಎರಡನೆಯ ಮಾತಿನ ತೂಕ ನನಗೆ ತಿಳಿದದ್ದು ನನ್ನ ಮನೆಯಲ್ಲಿಯೇ.

ನನ್ನ ಅವ್ವ ಮುದ್ದೇಬಿಹಾಳ ತಾಲೂಕಿನ ಹಳ್ಳಿಯವಳು. ನನ್ನ ಎಳೆತನದಲ್ಲಿ ನಮ್ಮೂರಿಗೆ ಗಿರಣಿ ಇನ್ನೂ ಬಂದಿರಲಿಲ್ಲ. ಕಲ್ಲಿನ ಘರಘರ ಸದ್ದು, ಅದರ ಮೇಲೆ ತೇಲಿ ಬರುವ ಅವ್ವನ ದನಿ, ಬಿಸಿ ಹಿಟ್ಟಿನ ವಾಸನೆ - ಇವು ಮೂರೂ ಕೂಡಿ ನನಗೆ ಬೆಳಗು ಎಂದರೆ ಏನೆಂಬುದನ್ನು ಕಲಿಸಿದವು. ಎಂ.ಎ. ಓದುತ್ತಿದ್ದಾಗ ಜಾನಪದದ ಒಂದು ಬರಹಕ್ಕಾಗಿ ಅವ್ವನ ಹಾಡುಗಳನ್ನು ಬರೆದುಕೊಳ್ಳುವ ಉತ್ಸಾಹ ನನಗೆ ಬಂದಿತು. ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದೆ. ಮನೆಯವರೆಲ್ಲರನ್ನು ಸುಮ್ಮನಿರಿಸಿದೆ. ನೋಟಬುಕ್ಕು ತೆರೆದು, “ಈಗ ಹೇಳವ್ವಾ” ಎಂದೆ. ನನ್ನ ತಿಳಿವಳಿಕೆಯಲ್ಲಿ ಅದು ನೆನಪಿಗೆ ಅತ್ಯಂತ ಅನುಕೂಲವಾದ ಏರ್ಪಾಡು. ಅವಳಿಗೆ ಮೊದಲ ಸಲ ಪೂರ್ಣ ಏಕಾಗ್ರತೆಯನ್ನು ನಾನು ದೊರಕಿಸಿಕೊಟ್ಟಿದ್ದೆ.

ಅವಳಿಗೆ ಎರಡು ಹಾಡಿಗಿಂತ ಹೆಚ್ಚು ಬರಲಿಲ್ಲ. ಮೂರನೆಯದು ಅರ್ಧಕ್ಕೆ ನಿಂತಿತು. ನನ್ನ ಮುಖ ನೋಡಿ ನಕ್ಕಳು. “ಏ ತಮ್ಮಾ, ಹಿಂಗ ಸಾಹೇಬರಂಗ ಕುಂತ್ರ ಹಾಡು ಬರೂದಿಲ್ಲೋ. ಕೈಯಾಗ ಗೂಟ ಇರಬೇಕು.” ಹಿತ್ತಲಲ್ಲಿ ಬೋರಲು ಬಿದ್ದಿದ್ದ ಕಲ್ಲನ್ನು ನಾನು ಆ ದಿನ ಎತ್ತಿ ತರಲಿಲ್ಲ. ಮುಪ್ಪು ಬಂದಂತೆ ಮರೆವು ಬಂದಿದೆ ಎಂದುಕೊಂಡು ನೋಟಬುಕ್ಕು ಮುಚ್ಚಿದೆ. ಕೆಲವು ತಿಂಗಳ ನಂತರ ಅದೇ ಅವ್ವ ಬೇಳೆ ಒಡೆಯಲೆಂದು ಅದೇ ಕಲ್ಲು ಹೂಡಿದಾಗ ಒಂದರ ಹಿಂದೊಂದು ಹಾಡು ಬರತೊಡಗಿತು. ಮೊದಲು ನಿಂತುಹೋಗಿದ್ದ ಮೂರನೆಯದೂ ಬಂದಿತು. ಅವಳು ಮರೆತಿರಲಿಲ್ಲ. ನೆನಪಿನ ಬಾಗಿಲಿಗೆ ಇದ್ದ ಅಗುಳಿಯನ್ನು ನಾನು ಕಿತ್ತುಕೊಂಡು, ಬಾಗಿಲು ತೆರೆಯಲಿಲ್ಲವೆಂದು ದೂರಿದ್ದೆ.

ಇದು ನಮ್ಮ ಅವ್ವನೊಬ್ಬಳ ವಿಚಿತ್ರವಲ್ಲ. ಆಲ್ಬರ್ಟ್ ಲಾರ್ಡ್ ಎಂಬ ಅಮೇರಿಕದ ವಿದ್ವಾಂಸರು ಯುಗೊಸ್ಲಾವಿಯಾದ ವೀರಗೀತೆಗಳ ಹಾಡುಗಾರರನ್ನು ಕುರಿತು ೧೯೬೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥದೇ ಮಾತು ಬರುತ್ತದೆ. ಆ ಹಾಡುಗಾರರು ಗುಸ್ಲೆ ಎಂಬ ತಂತಿವಾದ್ಯ ಬಾರಿಸುತ್ತ ಸಾವಿರಾರು ಸಾಲು ಹಾಡಬಲ್ಲವರು. ವಾದ್ಯವನ್ನು ಕೆಳಗಿರಿಸಿ ‘ಹೇಳಿ, ಬರೆದುಕೊಳ್ಳುತ್ತೇವೆ’ ಎಂದರೆ ಅವರ ಸಾಲುಗಳು ಕುಂಟುತ್ತಿದ್ದವು, ನಡುವೆ ಗದ್ಯ ನುಗ್ಗುತ್ತಿತ್ತು. ಕೈಗೆ ಕೆಲಸವಿದ್ದಾಗ ಬಾಯಿಗೆ ಸಾಲು ಸರಿಯಾಗಿ ಬರುತ್ತಿತ್ತು. ಇನ್ನೊಂದು ದಿಕ್ಕಿನಿಂದ, ೧೯೭೫ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಮನೋವಿಜ್ಞಾನಿಗಳು ಮುಳುಗುಗಾರರಿಗೆ ಶಬ್ದಗಳ ಪಟ್ಟಿಗಳನ್ನು ಕೊಟ್ಟು ಪರೀಕ್ಷಿಸಿದರು. ನೀರಿನೊಳಗೆ ಕಲಿತ ಶಬ್ದಗಳು ನೀರಿನೊಳಗೇ ಹೆಚ್ಚು ನೆನಪಾದವು, ದಂಡೆಯ ಮೇಲೆ ಕಲಿತವು ದಂಡೆಯ ಮೇಲೆ. ಕಲಿತ ಸನ್ನಿವೇಶವೇ ನೆನಪಿನ ಕೈಮರವಾಗುತ್ತದೆ. ಅವ್ವನ ಹಾಡುಗಳು ಕಲ್ಲಿನ ಮುಂದೆ ಕಲಿತವು. ನಾನು ಅವಳನ್ನು ದಂಡೆಗೆ ಎಳೆದು ತಂದು ನೀರಿನೊಳಗಿನದನ್ನು ಕೇಳಿದ್ದೆ.

ಹಾಗಾದರೆ ಲಕ್ಷ್ಯ ಹಂಚಿಹೋದರೂ ಹಾನಿಯಿಲ್ಲವೇ? ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು: ಕಲಿಯುವ ಹೊತ್ತು ಬೇರೆ, ನೆನೆಯುವ ಹೊತ್ತು ಬೇರೆ. ಕೆನಡಾದ ಟೊರಾಂಟೊದಲ್ಲಿ ಫರ್ಗಸ್ ಕ್ರೇಕ್ ಮತ್ತು ಅವರ ಸಂಗಡಿಗರು ೧೯೯೬ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಭೇದವನ್ನು ಸ್ಪಷ್ಟ ಮಾಡಿದವು. ಶಬ್ದಗಳನ್ನು ಕಲಿಯುವಾಗಲೇ ತೆರೆಯ ಮೇಲಿನ ಗುರುತನ್ನು ನೋಡಿ ಗುಂಡಿ ಒತ್ತುವ ಕೆಲಸವನ್ನೂ ಕೊಟ್ಟರೆ, ಆಮೇಲೆ ನೆನಪಾಗುವ ಶಬ್ದಗಳು ಬಹಳ ಕಡಿಮೆಯಾದವು. ಅದೇ ಕೆಲಸವನ್ನು ಕಲಿಯುವಾಗ ಬಿಟ್ಟು, ನೆನಪು ಮಾಡಿಕೊಳ್ಳುವಾಗ ಕೊಟ್ಟರೆ ನೆನಪು ಅಷ್ಟೇನೂ ಕುಗ್ಗಲಿಲ್ಲ. ಗುಂಡಿ ಒತ್ತುವ ಕೈ ಮಾತ್ರ ನಿಧಾನವಾಯಿತು. ೨೦೦೦ದಲ್ಲಿ ಫರ್ನಾಂಡಿಸ್ ಮತ್ತು ಮಾಸ್ಕೊವಿಚ್ ಎಂಬವರು ಮತ್ತೊಂದು ಅಂಶವನ್ನು ತೋರಿಸಿದರು: ಶಬ್ದಗಳನ್ನು ನೆನೆಯುತ್ತಿರುವವನಿಗೆ ಜೊತೆಯಲ್ಲಿ ಅಂಕಿಗಳ ಕೆಲಸ ಕೊಟ್ಟರೆ ಆಗುವ ಕೇಡು ಸಣ್ಣದು, ಬೇರೆ ಶಬ್ದಗಳ ಕೆಲಸ ಕೊಟ್ಟರೆ ಆಗುವ ಕೇಡು ದೊಡ್ಡದು. ಎಂದರೆ ಶಬ್ದಕ್ಕೆ ಶಬ್ದವೇ ಹಗೆ. ಗುಂಡಿ ಒತ್ತುವದೂ ಕಲ್ಲು ಬೀಸುವದೂ ಒಂದೇ ಅಲ್ಲವೆಂಬುದನ್ನು ಬಲ್ಲೆ. ಆದರೂ ಪ್ರಯೋಗಶಾಲೆಯ ಈ ಮಾತು ನಮ್ಮ ಪಡಸಾಲೆಯ ಅನುಭವಕ್ಕೆ ಒಗ್ಗುತ್ತದೆ. ಕೈ ಎಷ್ಟು ದುಡಿದರೂ ಅವ್ವನ ಹಾಡು ಕೆಡುತ್ತಿರಲಿಲ್ಲ. ಬಾಗಿಲಲ್ಲಿ ನೆರೆಯವಳು ನಿಂತು ಎರಡು ಮಾತಾಡಿದರೆ ಕೆಡುತ್ತಿತ್ತು.

ಈ ಬೆಳಕಿನಲ್ಲಿ ಬೀಸುವ ಪದಗಳ ರೂಪವನ್ನು ಮತ್ತೊಮ್ಮೆ ನೋಡಿದರೆ ನಮ್ಮ ವಿಮರ್ಶೆ ಎಲ್ಲಿ ಎಡವಿದೆ ಎಂಬುದು ಕಾಣುತ್ತದೆ. ಗರತಿಯ ಹಾಡುಗಳನ್ನು ಮೆಚ್ಚುವವರು ಸಹ ಎರಡು ಕುಂದುಗಳನ್ನು ಎತ್ತಿ ಆಡುವದುಂಟು. ಮೊದಲನೆಯದು ಪುನರುಕ್ತಿ: ಅದೇ ತವರಿನ ದಾರಿ, ಅದೇ ಅಣ್ಣನ ಬರವು, ಅದೇ ಸಂಬೋಧನೆ, ಅದೇ ನುಡಿಗಟ್ಟು. ಎರಡನೆಯದು ಬಿಡಿಬಿಡಿತನ: ಒಂದು ಪದಕ್ಕೂ ಮುಂದಿನದಕ್ಕೂ ಬೆಸುಗೆಯಿಲ್ಲ, ಭಾವ ಬೆಳೆದು ದೊಡ್ಡದಾಗುವದಿಲ್ಲ. ನಾನೇ ತರಗತಿಯಲ್ಲಿ ಇವೆರಡನ್ನೂ ‘ಜಾನಪದದ ಮಿತಿಗಳು’ ಎಂಬ ತಲೆಬರಹದ ಕೆಳಗೆ ಬರೆಸಿದ್ದೇನೆ. ಇಂದು ಆ ತಲೆಬರಹವನ್ನು ಹೊಡೆದುಹಾಕುತ್ತೇನೆ. ಅವು ಮಿತಿಗಳಲ್ಲ; ಹಂಚಿಹೋದ ಲಕ್ಷ್ಯದ ನಡುವೆ ಕಾವ್ಯ ಬದುಕುವದಕ್ಕೆ ಕಂಡುಕೊಂಡ ಉಪಾಯಗಳು.

ತ್ರಿಪದಿಯನ್ನೇ ನೋಡಿರಿ. ಮೂರು ಸಾಲು, ಒಟ್ಟು ಹನ್ನೊಂದು ಅಂಶಗಣಗಳು; ಆರನೆಯ ಮತ್ತು ಹತ್ತನೆಯ ಗಣಗಳು ಬ್ರಹ್ಮಗಣ, ಉಳಿದವು ವಿಷ್ಣುಗಣ. ಹಿಂದೆ ನಮ್ಮ ಜಿಲ್ಲೆಗೇ ಸೇರಿದ್ದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಈ ಛಂದಸ್ಸು ಕಾಣುತ್ತದೆಂದ ಮೇಲೆ ಅದರ ವಯಸ್ಸು ಸಾವಿರದ ಇನ್ನೂರು ವರ್ಷಗಳಿಗೆ ಕಡಿಮೆಯಲ್ಲ. ಇಷ್ಟು ದೀರ್ಘಾಯುಷ್ಯಕ್ಕೆ ಕಾರಣವೇನು? ಸಾಲಿನ ಎರಡನೆಯ ಅಕ್ಷರದಲ್ಲಿ ಬರುವ ಪ್ರಾಸ ಮುಂದಿನ ಸಾಲಿನ ಬಾಗಿಲನ್ನು ಮೊದಲೇ ತೆರೆದಿಡುತ್ತದೆ. ಹಾಡುವವಳು ಶಬ್ದವನ್ನು ಹುಡುಕಬೇಕಾಗಿಲ್ಲ, ಪ್ರಾಸ ಅವಳನ್ನು ಶಬ್ದದ ಹತ್ತಿರಕ್ಕೆ ಕೈಹಿಡಿದು ಒಯ್ಯುತ್ತದೆ. ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮತ್ತೆ ಹೇಳುವ ರೂಢಿಯುಂಟು. ಅಚ್ಚಿನಲ್ಲಿ ಅದು ಬರುವದಿಲ್ಲ, ಬಂದರೆ ಬೇಸರವೆನಿಸೀತು. ಕಲ್ಲಿನ ಮುಂದೆ ಅದಕ್ಕೆ ಅರ್ಥವಿದೆ: ಬಾಯಿ ಹೇಳಿದ್ದನ್ನೇ ಹೇಳುತ್ತಿರುವಾಗ ಮನಸ್ಸು ಮುಂದೆ ಹೋಗಿ ಮೂರನೆಯ ಸಾಲನ್ನು ತಂದಿಟ್ಟುಕೊಳ್ಳುತ್ತದೆ. ‘ಅದೇ ನುಡಿಗಟ್ಟು’ ಎಂದು ನಾವು ದೂರುವದೂ ಹೀಗೆಯೇ. ಸಿದ್ಧವಾಗಿ ಒದಗುವ ನುಡಿಗಟ್ಟು ಮನಸ್ಸಿಗೆ ಒಂದು ಉಸಿರಿನ ಬಿಡುವು. ಆ ಬಿಡುವಿನಲ್ಲಿ ಅವಳು ತನ್ನದೇ ಆದ ಒಂದು ಹೊಸ ಮಾತನ್ನು ಹೆಣೆಯುತ್ತಾಳೆ. ಅಣ್ಣನ ಹೆಸರು ಬದಲಾಗುತ್ತದೆ, ಊರಿನ ಹೆಸರು ಬದಲಾಗುತ್ತದೆ, ಆ ವರ್ಷದ ಬರಗಾಲ ಸಾಲಿನೊಳಗೆ ಬಂದು ಕೂಡುತ್ತದೆ.

ಬಿಡಿಬಿಡಿತನದ ಮಾತೂ ಹೀಗೆಯೇ. ಕೂಸು ಅತ್ತಿತು, ಹಾಲು ಉಕ್ಕಿತು, ಮಾವ ನೀರು ಕೇಳಿದನು, ಹಾಡು ನಿಂತಿತು. ಆದರೆ ತ್ರಿಪದಿ ಮೂರು ಸಾಲಿಗೆ ಮುಗಿಯುತ್ತದೆ. ಎಲ್ಲಿ ನಿಂತರೂ ಒಂದಿಷ್ಟು ಪೂರ್ತಿಯಾಗಿಯೇ ನಿಂತಿರುತ್ತದೆ, ಎಲ್ಲಿಂದ ಎತ್ತಿಕೊಂಡರೂ ನಡೆಯುತ್ತದೆ. ಚಂಪೂಕಾವ್ಯದ ವೃತ್ತವನ್ನು ಕಲ್ಲಿನ ಮುಂದೆ ಕಟ್ಟುವದು ಸಾಧ್ಯವಿರಲಿಲ್ಲ. ಅದು ಕುಳಿತು, ಒರಗಿ, ಬಿಡುವು ಮಾಡಿಕೊಂಡು ಓದುವವರ ಕಾವ್ಯ. ಪಂಪ ರನ್ನರ ಅಳತೆಗೋಲಿನಿಂದ ಗರತಿಯ ಪದವನ್ನು ಅಳೆದು ಬೆಸುಗೆ ಸಾಲದೆನ್ನುವದು, ರೊಟ್ಟಿಯನ್ನು ನೋಡಿ ಹೋಳಿಗೆಯಂತೆ ಹೂರಣವಿಲ್ಲವೆಂದ ಹಾಗೆ. ಎಡೆಬಿಡದೆ ಕಡಿದುಹೋಗುವ ಬದುಕಿನಲ್ಲಿ, ಪ್ರತಿ ತುಂಡಿನಲ್ಲಿಯೂ ಪೂರ್ಣತೆಯನ್ನು ಉಳಿಸಿಕೊಳ್ಳುವ ಕಲೆಯಿದು.

ಇಬ್ಬರು ಕೂಡಿ ಬೀಸುವಾಗಿನ ಸೊಗಸನ್ನೂ ಇಲ್ಲಿ ನೆನೆಯಬೇಕು. ಎದುರುಬದುರಾಗಿ ಕುಳಿತು ಒಂದೇ ಗೂಟಕ್ಕೆ ನಾಲ್ಕು ಕೈ ಹಾಕಿ, ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ. ಒಬ್ಬಳ ನೆನಪು ಕುಂಟಿದರೆ ಮತ್ತೊಬ್ಬಳದು ಊರುಗೋಲು. ಸಿಂದಗಿಯ ಕಡೆಯ ನನ್ನ ಬೀಗರ ಹಿರಿಯರು ಹಂತಿಯ ಪದಗಳ ಬಗ್ಗೆ ಹೇಳುತ್ತಿದ್ದುದೂ ಇದನ್ನೇ. ಕಣದಲ್ಲಿ ಮೇಟಿಯ ಸುತ್ತ ಎತ್ತುಗಳ ಸಾಲು ರಾತ್ರಿಯೆಲ್ಲ ತಿರುಗುತ್ತದೆ; ಹಿಂದೆ ನಡೆಯುವವರು ಒಬ್ಬರು ಎತ್ತಿಕೊಟ್ಟ ಪದವನ್ನು ಉಳಿದವರು ಹಿಡಿಯುತ್ತಾರೆ. ಕಾಲು ನಡಿಗೆಯಲ್ಲಿ, ಕಣ್ಣು ಎತ್ತಿನ ಮೇಲೆ, ಬಾಯಿ ಪದದಲ್ಲಿ. “ರಾಶಿ ಮಾಡೂದು ಬಿಟ್ಟ ಮ್ಯಾಲ ಹಾಡೂ ಬಿಟ್ಟುಹೋತ್ರಿ, ಮರತಿಲ್ಲ, ಆದ್ರ ಬರೂದಿಲ್ಲ” ಎಂದು ಅವರೊಬ್ಬರು ಆಡಿದ ಮಾತನ್ನು ನಾನು ಆಗ ಒಗಟೆಂದುಕೊಂಡಿದ್ದೆ. ಈಗ ಅದು ಒಗಟಲ್ಲ. ಯಂತ್ರ ಬಂದು ಕಣವನ್ನು ಒಯ್ದಿತು. ಕಣದ ಜೊತೆಗೆ ನೆನಪಿನ ಬಾಗಿಲನ್ನೂ ಒಯ್ದಿತು.

ವಿದ್ವತ್ತಿನ ಲೋಕದಲ್ಲಿ ಇದಕ್ಕೆ ಸಮನಾದದ್ದು ಅವಧಾನಕಲೆ. ‘ಅವಧಾನ’ ಎಂಬ ಶಬ್ದದ ಅರ್ಥವೇ ಲಕ್ಷ್ಯ, ಗಮನ. ಅಷ್ಟಾವಧಾನವೆಂದರೆ ಎಂಟು ಕಡೆಗೆ ಹರಿಯುವ ಲಕ್ಷ್ಯ. ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ, ಆಶುಕವಿತೆ ಎಂದು ಪೃಚ್ಛಕರು ಒಬ್ಬೊಬ್ಬರಾಗಿ ಸವಾಲು ಒಡ್ಡುತ್ತಾರೆ. ಅಪ್ರಸ್ತುತಪ್ರಸಂಗದವರು ಬೇಕೆಂತಲೇ ಹರಟೆ ತೆಗೆದು ಚಿತ್ತ ಕೆಡಿಸಲು ನೋಡುತ್ತಾರೆ. ಅವಧಾನಿ ಒಬ್ಬೊಬ್ಬರಿಗೆ ಒಂದೊಂದು ಸುತ್ತಿನಲ್ಲಿ ಒಂದೊಂದು ಪಾದವನ್ನು ಕೊಟ್ಟು, ಕೊನೆಗೆ ಎಲ್ಲ ಪದ್ಯಗಳನ್ನೂ ಧಾರಣೆಯಿಂದ ಇಡಿಯಾಗಿ ಒಪ್ಪಿಸುತ್ತಾನೆ. ನಮ್ಮ ಕಾಲದಲ್ಲಿ ಶತಾವಧಾನಿ ಆರ್. ಗಣೇಶರು ಸಾವಿರಕ್ಕೂ ಹೆಚ್ಚು ಅಷ್ಟಾವಧಾನಗಳನ್ನು ನಡೆಸಿ ಈ ಕಲೆಯನ್ನು ಕನ್ನಡದಲ್ಲಿ ಎತ್ತಿ ನಿಲ್ಲಿಸಿದ್ದಾರೆ. ಅಲ್ಲಿ ಶಬ್ದಕ್ಕೆ ಶಬ್ದವನ್ನೇ ಎದುರು ನಿಲ್ಲಿಸುವದರಿಂದ ಆ ಸಾಧನೆ ಅಪೂರ್ವವಾದದ್ದು, ಕೋಟಿಗೊಬ್ಬರದು. ಆದರೆ ಅಲ್ಲಿಯೂ ಊರುಗೋಲು ಛಂದಸ್ಸೇ. ಲಯ ತಪ್ಪಿದ ಗದ್ಯದಲ್ಲಿ ಅವಧಾನ ನಡೆಯದು. ಸಭೆ ಕೂಡಿಸಿ, ಶಾಲು ಹೊದಿಸಿ ನಾವು ಗೌರವಿಸುವ ಈ ವಿದ್ಯೆಯ ಒಂದು ಬಡ ತಂಗಿ, ದೀಪದ ಎಣ್ಣೆಯನ್ನೂ ಉಳಿಸಲೆಂದು ಕತ್ತಲಲ್ಲಿಯೇ ಕುಳಿತು ಹಾಡಿದಳು. ಅವಳ ಮುಂದೆ ಪೃಚ್ಛಕರಾಗಿ ಕುಳಿತದ್ದು ಕೂಸು, ಅತ್ತೆ ಮತ್ತು ಜೋಳ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಬೇಕು. ಗಿರಣಿ ಬಂದದ್ದರಿಂದ ಹಾಡು ಸತ್ತಿತೆಂದು ಕಣ್ಣೀರು ಸುರಿಸುವ ಬರಹಗಳನ್ನು ನಾನು ಬಹಳ ಓದಿದ್ದೇನೆ. ಅವನ್ನು ಬರೆದವರಲ್ಲಿ ಹೆಚ್ಚಿನವರು ಗಂಡಸರು, ಕಲ್ಲು ಬೀಸದವರು. ಗಿರಣಿ ಬಂದ ದಿನ ಅವ್ವ ಊರಮ್ಮನಿಗೆ ಕಾಯಿ ಒಡೆಸಿದಳು. ಅವಳ ಅಂಗೈಯಲ್ಲಿಯ ದಡ್ಡು ಕರಗಲು ವರ್ಷಗಳು ಹಿಡಿದವು. ಹಾಡಿಗಾಗಿ ಕಲ್ಲು ಮರಳಿ ಬರಲಿ ಎನ್ನುವ ಕ್ರೂರ ರಸಿಕತೆ ನನಗೆ ಬೇಡ. ಹಾಡು ದುಡಿಮೆಯನ್ನು ಹಗುರು ಮಾಡಿತು ನಿಜ. ಹಗುರು ಮಾಡಬೇಕಾದಷ್ಟು ಭಾರ ಅಲ್ಲಿತ್ತೆಂಬುದೂ ನಿಜ.

ಮತ್ತೊಂದು ಮಾತನ್ನೂ ಮುಚ್ಚಿಡಬಾರದು. ಲಕ್ಷ್ಯ ಹಂಚಿಹೋದರೂ ಈ ಹಾಡುಗಳು ನಿಂತವು ಎನ್ನುವಾಗ, ಅವು ಹೇಗೆ ಕಲಿತವು ಎಂಬುದನ್ನು ಮರೆಯಕೂಡದು. ಕಲಿಯುವ ಹೊತ್ತಿನಲ್ಲಿ ಚದರಿದ ಲಕ್ಷ್ಯ ಹಾನಿ ಮಾಡುತ್ತದೆಂದು ಟೊರಾಂಟೊದವರು ಹೇಳಿದ್ದು ನಮ್ಮ ಹೆಣ್ಣುಮಕ್ಕಳಿಗೂ ಸಲ್ಲುವ ಮಾತೇ. ಆದರೆ ಅವರು ಒಂದು ಸಲ ಕೇಳಿ ಕಲಿತವರಲ್ಲ. ತಾಯಿಯ ತೊಡೆಯ ಮೇಲೆ ಅರೆನಿದ್ದೆಯಲ್ಲಿ, ಮುಂದೆ ಅಕ್ಕನ ಎದುರು, ಆಮೇಲೆ ನೆಗೆಣ್ಣಿಯ ಜೊತೆಗೆ, ವರ್ಷಕ್ಕೆ ಮುನ್ನೂರು ಬೆಳಗಿನಂತೆ ಕೇಳಿದರು. ಚದರಿದ ಲಕ್ಷ್ಯದ ಸಾಲವನ್ನು ಅವರು ಪುನರುಕ್ತಿಯಿಂದ ತೀರಿಸಿದರು. ಒಂದೇ ಸಲ ಕೇಳುವವನಿಗೆ ಆ ಸವಲತ್ತಿಲ್ಲ. ಇದನ್ನು ನಾನು ಬಹಳ ತುಟ್ಟಿಯ ಬೆಲೆ ಕೊಟ್ಟು ತಿಳಿದೆ.

೨೦೧೯ರ ಬೇಸಿಗೆ. ಅವ್ವ ನಮ್ಮಲ್ಲಿಗೆ ಬಂದಿದ್ದಳು. ಒಂದು ಮಧ್ಯಾಹ್ನ ಮೊರ ಹಿಡಿದು ಜೋಳ ಹಸನು ಮಾಡುತ್ತ ತಾನಾಗಿ ಹಾಡತೊಡಗಿದಳು. ಹಿಂದೆ ನಾನು ಎಂದೂ ಕೇಳಿರದ ಹಾಡು. ತವರಿಗೆ ಕರೆಯಲು ಬಂದ ತಮ್ಮನನ್ನು ಹೊಸ್ತಿಲಲ್ಲಿ ನಿಲ್ಲಿಸಿಕೊಂಡು, ಬರಲಾರೆನೆಂಬುದನ್ನು ಬಾಯಿಬಿಟ್ಟು ಹೇಳದೆ, ಮನೆಯ ಎಮ್ಮೆ ಕರುಗಳ ಸುದ್ದಿ ಹೇಳಿ ಕಳಿಸುವ ಅಕ್ಕನ ಹಾಡು. ನಾನು ಅದೇ ಕೋಣೆಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ಕಿವಿ ಹಾಡಿನಲ್ಲಿ, ಕಣ್ಣು ವಿದ್ಯಾರ್ಥಿಗಳ ವಾಕ್ಯಗಳಲ್ಲಿ. “ಛಲೋ ಅದವ್ವಾ” ಎಂದೆ. ತಲೆ ಎತ್ತಲಿಲ್ಲ. ಇನ್ನೊಮ್ಮೆ ಸಮಾಧಾನವಾಗಿ ಕೇಳಿದರಾಯಿತು, ಮೊಬೈಲಿನಲ್ಲಿ ಹಿಡಿದರಾಯಿತು ಎಂದುಕೊಂಡೆ. ೨೦೨೧ರಲ್ಲಿ ಅವ್ವ ತೀರಿಕೊಂಡಳು.

ಇಂದು ಆ ಹಾಡಿನಲ್ಲಿ ನನ್ನ ಬಳಿ ಉಳಿದಿರುವದು ಕತೆ, ಧಾಟಿ, ಒಂದು ಪದದ ಮೊದಲ ಸಾಲು ಮತ್ತು ಮೂರನೆಯ ಸಾಲು. ನಡುವಿನದು ಇಲ್ಲ. ನನ್ನ ಅಕ್ಕನನ್ನು ಕೇಳಿದೆ, ಮುದ್ದೇಬಿಹಾಳದ ಕಡೆಯ ಸೋದರತ್ತೆಯನ್ನು ಕೇಳಿದೆ. ಅವರಿಗೆ ಆ ಹಾಡು ಗೊತ್ತಿಲ್ಲ. ಆ ಎರಡು ಸಾಲುಗಳನ್ನು ಇಲ್ಲಿ ಬರೆಯುವದಿಲ್ಲ. ಪ್ರಾಸ ಹಿಡಿದು ನಡುವಿನ ಸಾಲನ್ನು ನಾನೇ ಕಟ್ಟಬಹುದು, ಛಂದಸ್ಸು ಬಲ್ಲೆ. ಎರಡು ಮೂರು ಸಲ ಕಟ್ಟಿಯೂ ನೋಡಿದೆ. ಕಟ್ಟಿದ್ದು ನನ್ನದಾಯಿತೇ ಹೊರತು ಅವಳದಾಗಲಿಲ್ಲ. ಅವಳು ಕೈಯಲ್ಲಿ ಮೊರ ಹಿಡಿದು ನೆನಪಿಟ್ಟುಕೊಂಡದ್ದನ್ನು ನಾನು ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕಳೆದುಕೊಂಡೆ. ಒಂದೇ ಕೋಣೆಯಲ್ಲಿ ಇಬ್ಬರ ಲಕ್ಷ್ಯವೂ ಹಂಚಿಹೋಗಿತ್ತು. ಅವಳ ಕೈ ಹಾಡಿಗೆ ಅಡ್ಡ ಬರಲಿಲ್ಲ. ನಾನು ಓದುತ್ತಿದ್ದ ವಾಕ್ಯಗಳು ಅಡ್ಡ ಬಂದವು. ಶಬ್ದಕ್ಕೆ ಶಬ್ದವೇ ಹಗೆ ಎಂದು ಆಗ ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೆಂದು ಧೈರ್ಯದಿಂದ ಹೇಳಲಾರೆ.

ಹೀಗಾಗಿ ತರಗತಿಯಲ್ಲಿ ನಾನು ಕೊಡುತ್ತಿದ್ದ ಉಪದೇಶವನ್ನು ತಿದ್ದಿಕೊಂಡಿದ್ದೇನೆ. ಹಾಡು ಸಂಗ್ರಹಿಸಲು ಹೋಗುವ ವಿದ್ಯಾರ್ಥಿಗಳಿಗೆ ಮೊದಲು, ‘ಅಜ್ಜಿಯನ್ನು ಶಾಂತವಾದ ಕಡೆ ಕೂಡಿಸಿ ಕೇಳಿರಿ’ ಎನ್ನುತ್ತಿದ್ದೆ. ಈಗ, ‘ಅಜ್ಜಿಯ ಕೆಲಸದಲ್ಲಿ ಕೈ ಜೋಡಿಸಿರಿ, ಶ್ಯಾವಿಗೆ ಹೊಸೆಯುವಾಗ, ಕಾಳು ಹಸನು ಮಾಡುವಾಗ ಹೋಗಿರಿ, ಧ್ವನಿಮುದ್ರಣಕ್ಕೆ ಮೊಬೈಲನ್ನು ಒಂದು ಗೂಡಿನಲ್ಲಿಟ್ಟು ಅದನ್ನು ಮರೆತುಬಿಡಿರಿ’ ಎನ್ನುತ್ತೇನೆ. ಹಾಡುವವಳ ಕೈ ದುಡಿಯಲಿ, ಕೇಳುವವನ ಕಣ್ಣು ಬಾಯಿ ಸುಮ್ಮನಿರಲಿ. ಮೊಬೈಲಿನಲ್ಲಿ ಹಿಡಿದಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಅದು ಓಲೆಗರಿಯ ಕೆಲಸ ಮಾಡುತ್ತದೆ, ಮಾಡಲಿ. ಹಳಕಟ್ಟಿಯವರಂಥವರು ಮುಂದೆಂದೋ ಬಂದು ತೆರೆದಾರು. ಆದರೆ ಹಿಡಿದಿಟ್ಟ ಹಾಡು ತಾನಾಗಿ ಬಾಯಿಗೆ ಬರುವದಿಲ್ಲ. ನೂರು ಹಾಡು ಮೊಬೈಲಿನಲ್ಲಿದ್ದು ಒಂದೂ ನಾಲಿಗೆಯ ಮೇಲಿಲ್ಲದ ತಲೆಮಾರನ್ನು ನಾನು ದಿನಾಲು ನೋಡುತ್ತಿದ್ದೇನೆ.

ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಸಿಂದಗಿ ತಾಲೂಕಿನ ಒಂದು ಹಳ್ಳಿಯವಳು. ಅವಳ ಅಜ್ಜಿ ಇನ್ನೂ ಇದ್ದಾರೆ. ನೋಟಬುಕ್ಕು ಹಿಡಿದು ಹೋದಾಗ ಆ ಅಜ್ಜಿ ಅವಳಿಗೆ ಏನನ್ನೂ ಹೇಳಿರಲಿಲ್ಲ. ದೀಪಾವಳಿಯ ಸೂಟಿಯಲ್ಲಿ ಅಟ್ಟದ ಮೇಲಿನ ಕಲ್ಲನ್ನು ಇಳಿಸಿ, ಇಬ್ಬರೂ ಎದುರುಬದುರು ಕುಳಿತು ಒಂದಿಷ್ಟು ಕಡಲೆ ಬೀಸಿದರಂತೆ. ಸೂಟಿ ಮುಗಿಸಿ ಬಂದವಳು ತರಗತಿಯಲ್ಲಿ ಎದ್ದು ನಿಂತು ಏಳು ತ್ರಿಪದಿಗಳನ್ನು ಪುಸ್ತಕ ನೋಡದೆ ಹಾಡಿದಳು. ನಡುವೆ ಒಮ್ಮೆ ತಡೆದಳು. ಹುಡುಗರು ನಗುವಷ್ಟರಲ್ಲಿ ಅವಳ ಬಲಗೈ ಬೆಂಚಿನ ಮೇಲೆ ತಾನಾಗಿ ಒಂದು ಸುತ್ತು ತಿರುಗಿತು, ಸಾಲು ಬಂದಿತು. ನನ್ನ ಮೇಜಿನ ಮೇಲೆ ತಿದ್ದಬೇಕಾದ ಪತ್ರಿಕೆಗಳಿದ್ದವು. ಅವನ್ನು ಬದಿಗಿಟ್ಟು, ಇನ್ನೊಮ್ಮೆ ಹಾಡಮ್ಮಾ ಎಂದೆ.